ಎರಡನೇ ಪಾಲಿನ ವೈನಿ

ಸುಗುಣಾ ಅವರನ್ನು ನಿವೇದಿತಾ ಮೊದಲು ನೋಡಿದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ಗಂಟೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಸಂದರ್ಶನ ಇದ್ದದ್ದು ಹನ್ನೊಂದಕ್ಕೆ. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಆ ಕಟ್ಟಡದ ಮೂರನೇ ಮಹಡಿಯ ರಿಸೆಪ್ಷನ್ನಿನಲ್ಲಿ ಅಷ್ಟು ಬೇಗ ಬಂದು ಕೂತವರು ಅವರೊಬ್ಬರೇ. ಹೊರಗೆ ಮಳೆ. ತೊಯ್ದ ಛತ್ರಿಯನ್ನು ಎಲ್ಲಿಡುವುದೆಂದು ತಿಳಿಯದೆ ಒಂದು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿ ಕಾಲಿನ ನಡುವೆ ಹಿಡಿದುಕೊಂಡಿದ್ದರು. ಮೈಮೇಲೆ ಕಪ್ಪು ಕೋಟು. ತೋಳು ಅಂಗೈವರೆಗೆ ಇಳಿದಿತ್ತು. ಮಗಳದ್ದು ಎಂದು ಆಮೇಲೆ ಗೊತ್ತಾಯಿತು. ತೊಡೆಯ ಮೇಲೆ ಒಂದು ಹಳೆಯ ಫೈಲು, ಅದರ ಮೇಲೆ ಪುತ್ತೂರಿನ ಒಂದು ಸ್ಟೇಷನರಿ ಅಂಗಡಿಯ ಹೆಸರು ಕನ್ನಡದಲ್ಲಿತ್ತು.

ಆ ಹೆಸರನ್ನು ಓದಿ ನಿವೇದಿತಾ, "ಕನ್ನಡದವ್ರಾ?" ಎಂದಳು.

ಅವರು ಎದ್ದೇ ನಿಂತುಬಿಟ್ಟರು. "ಹೌದು ಮೇಡಂ. ಗಿರಾವೀನಿಂದ ಬಂದದ್ದು. ಎರಡು ರೈಲು, ಒಂದು ಮೆಟ್ರೊ. ತಡ ಆದರೆ ಅಂತ ಹೆದರಿ ಬೇಗ ಹೊರಟೆ."

ಕೆಲಸ ಹಳೆಯ ಕೈಬರಹ ಓದುವುದು. ದೇಶದೇಶಗಳ ಗ್ರಂಥಾಲಯಗಳು ತಮ್ಮ ಹಳೆಯ ಕಾಗದಗಳ ಚಿತ್ರ ತೆಗೆದು ಕಳಿಸುತ್ತವೆ. ನಿವೇದಿತಾ ತಂಡದ ಮುಖ್ಯಸ್ಥೆಯಾಗಿದ್ದ ಕಂಪನಿಯ ಸಾಫ್ಟ್‌ವೇರ್ ಅದನ್ನು ಓದಿ ಟೈಪ್ ಮಾಡುತ್ತದೆ. ಅದು ಎಡವಿದಲ್ಲಿ ಮನುಷ್ಯರು ತಿದ್ದುತ್ತಾರೆ. ಆ ವರ್ಷ ಬಂದಿದ್ದದ್ದು ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದ ಒಂದು ಸಣ್ಣ ಊರಿನ ವಕೀಲನ ಪತ್ರವ್ಯವಹಾರ. ಅಬ್ನರ್ ಟಿಲ್ಸನ್ ಎಂದು ಅವನ ಹೆಸರು. ಅಲ್ಲಿನ ಅಂತರ್ಯುದ್ಧಕ್ಕೆ ಮೊದಲಿನ ಹತ್ತು ವರ್ಷ ಅವನಿಗೆ ಬಂದ ಪತ್ರಗಳು, ಅವನು ಬರೆದ ಉತ್ತರದ ಪ್ರತಿಗಳು, ಒಟ್ಟು ಇಪ್ಪತ್ತೆರಡು ಪೆಟ್ಟಿಗೆ.

ಅಭ್ಯರ್ಥಿಗಳು ಆರು ಮಂದಿ. ಉಳಿದ ಐವರೂ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು. ಎಲ್ಲರಿಗೂ ನಿವೇದಿತಾ ಒಂದೇ ಪುಟ ತೋರಿಸಿದಳು. ಉಳಿದವರೆಲ್ಲ ಮೇಲಿನ ಸಾಲಿನಿಂದ ಶುರು ಮಾಡಿ ನಾಲ್ಕನೇ ಸಾಲಿಗೆ ಮುಗ್ಗರಿಸಿದರು. ಸುಗುಣಾ ಕನ್ನಡಕ ಹಾಕಿಕೊಂಡು ತೆರೆಯನ್ನು ಒಂದು ಕ್ಷಣ ನೋಡಿ ಕೇಳಿದರು:

"ಇದರ ಹಿಂಬದಿ ಉಂಟಾ ಮೇಡಂ?"

"ಹಿಂದ್ಗಡೆ ಏನೂ ಇರಲ್ಲ, ಮಡಚಿದ್ದ ಕಾಗದ ಅಷ್ಟೆ."

"ಮಡಚಿದರೆ ಮೇಲೆ ಬರುವುದು ಹಿಂಬದಿಯೇ ಅಲ್ವಾ? ವಕೀಲರು ಕಾಗದ ಮಡಚಿ ಕಟ್ಟು ಕಟ್ಟುವಾಗ ಅಲ್ಲೇ ಬರೆದುಕೊಳ್ಳುವುದು. ಯಾರಿಂದ ಬಂತು, ಯಾವ ವಿಷಯ, ಉತ್ತರ ಕೊಟ್ಟದ್ದಾ ಇಲ್ಲವಾ, ಎಲ್ಲ. ಅದು ಗೊತ್ತಾದರೆ ಒಳಗೆ ಎಂತ ಬರೆದಿದ್ದಾರೆ ಅಂತ ಅರ್ಧ ಗೊತ್ತಾದ ಹಾಗೆ."

ನಿವೇದಿತಾ ಹಿಂಬದಿಯ ಚಿತ್ರ ಹುಡುಕಿ ತೆಗೆದಳು. ಅಲ್ಲಿ ನಿಜಕ್ಕೂ ಮೂರು ಸಾಲು ಇತ್ತು. ಸುಗುಣಾ ಅದನ್ನು ಓದಿಕೊಂಡು, ಮುಂಬದಿಗೆ ಬಂದು, ಹನ್ನೊಂದು ನಿಮಿಷದಲ್ಲಿ ಇಡೀ ಪುಟ ಓದಿ ಮುಗಿಸಿದರು. ಎರಡು ಶಬ್ದ ಮಾತ್ರ ತಪ್ಪಿತ್ತು.

"ಎಲ್ಲಿ ಕಲಿತ್ರಿ ಇದನ್ನ?"

"ಕಲಿಯುವುದು ಎಂತದು ಮೇಡಂ. ನಮ್ಮ ಯಾದವ ವಕೀಲರ ಅಕ್ಷರ ಓದಿದವರಿಗೆ ಬ್ರಹ್ಮ ಬರೆದದ್ದೂ ಓದಲಿಕ್ಕೆ ಬರುತ್ತದೆ."

ಮಂಗಳವಾರ ನೋಡಿದವರನ್ನು ಗುರುವಾರ ಕೆಲಸಕ್ಕೆ ತೆಗೆದುಕೊಂಡಳು.

ಸುಗುಣಾ ಅವರ ಕಥೆ ನಿವೇದಿತಾಗೆ ತುಂಡುತುಂಡಾಗಿ, ಮಧ್ಯಾಹ್ನದ ಊಟದ ಡಬ್ಬಿಗಳ ನಡುವೆ ತಿಳಿಯಿತು. ಪುತ್ತೂರಿನ ಹತ್ತಿರದ ಹಳ್ಳಿ. ತಾಯಿ ಬೀಡಿ ಕಟ್ಟುತ್ತಿದ್ದರು. ಪಿಯುಸಿ ಆದಮೇಲೆ ಓದಿಸಲು ಆಗಲಿಲ್ಲ. ಟೈಪಿಂಗ್ ಕಲಿತು, ಕೋರ್ಟ್ ರಸ್ತೆಯ ಯಾದವ ವಕೀಲರ ಆಫೀಸಿಗೆ ಸೇರಿದರು. ಅಲ್ಲಿ ಹದಿನಾರು ವರ್ಷ ದುಡಿದರು. ವಕೀಲರು ಗೀಚಿದ್ದನ್ನು ಶುದ್ಧ ಪ್ರತಿ ಮಾಡುವುದು ಅವರ ಕೆಲಸ. ನೋಟಿಸು, ಕರಾರು, ಮರಣಶಾಸನ. ಎಲ್ಲಕ್ಕಿಂತ ಹೆಚ್ಚು, ಪಾಲುಪಟ್ಟಿ. ಆ ಕಡೆ ಅನೇಕ ಮನೆಗಳು ಅಳಿಯಸಂತಾನ ಕಟ್ಟಿನವು, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವಂಥವು. ಅಂಥ ಮನೆ ಪಾಲಾಗುವಾಗ ಒಬ್ಬ ತಾಯಿ, ಅವಳ ಮಕ್ಕಳು ಸೇರಿ ಒಂದು ಕವರು. ಒಂದು ಕವರಿಗೆ ಒಂದು ಪಾಲು. ಪಟ್ಟಿಯಲ್ಲಿ ಹೆಂಗಸಿನ ಹೆಸರು, ಅದರ ಕೆಳಗೆ ಮಕ್ಕಳ ಹೆಸರು, ಪಕ್ಕದಲ್ಲಿ ಪಾಲಿನ ಬೆಲೆ. ಗಂಡನ ಹೆಸರು ಎಲ್ಲಿಯೂ ಬರುವುದಿಲ್ಲ. ಅಂಥ ಪಟ್ಟಿಗಳನ್ನು ಸುಗುಣಾ ಮುನ್ನೂರಕ್ಕಿಂತ ಹೆಚ್ಚು ಟೈಪ್ ಮಾಡಿದ್ದರು.

ಗಂಡ ಲತೇಶ್ ಹೋಟೆಲಿನ ಅಡುಗೆಯವರು. ಅವರಿಗೆ ಸಿಡ್ನಿಯಲ್ಲಿ ಶೆಫ್ ಕೆಲಸ ಸಿಕ್ಕಿ, ಮಗಳು ದೀಕ್ಷಿತಾಳನ್ನೂ ಕರೆದುಕೊಂಡು ಮೂವರೂ ಬಂದರು. ಇಲ್ಲಿ ಸುಗುಣಾ ಮೊದಲು ಮಸಾಲೆ ಪುಡಿಯ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡಿದರು. ಆಮೇಲೆ ಮನೆ ಕ್ಲೀನಿಂಗ್. ಆರು ವರ್ಷ ಕೀಬೋರ್ಡ್ ಮುಟ್ಟಿರಲಿಲ್ಲ. "ಬೆರಳು ಮರೆತಿರಬಹುದು ಅಂತ ಹೆದರಿಕೆ ಇತ್ತು. ಮರೆತಿಲ್ಲ," ಎಂದು ಮೊದಲ ವಾರ ನಿವೇದಿತಾಗೆ ಹತ್ತು ಬೆರಳನ್ನೂ ಎತ್ತಿ ತೋರಿಸಿದ್ದರು.

ಎರಡು ತಿಂಗಳಲ್ಲಿ ಇಡೀ ತಂಡ ಹಿಂಬದಿಯಿಂದ ಓದುವುದನ್ನು ಕಲಿಯಿತು. ಮೇಡಂ ಹೋಗಿ ನಿವೇದಿತಾ ಆಯಿತು. ಸುಗುಣಾ ಟಿಲ್ಸನ್ ಬಗ್ಗೆ ಪಕ್ಕದ ಮನೆಯವನ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದರು. "ಇವತ್ತು ನಮ್ಮ ವಕೀಲರಿಗೆ ಹಲ್ಲುನೋವು. ಮೂರು ಪತ್ರಕ್ಕೂ ಎರಡೆರಡೇ ಸಾಲು ಉತ್ತರ." ಅವರ ಪಾಲಿಗೆ ಬಂದಿದ್ದ ಪೆಟ್ಟಿಗೆಗಳಲ್ಲಿ ಇದ್ದದ್ದೆಲ್ಲ ಹಿಟ್ಟಿನ ಗಿರಣಿ, ಗದ್ದೆಯ ಗಡಿ, ಶಾಲೆಯ ಕಟ್ಟಡ. ಅವರಿಗೆ ಆ ಪತ್ರಗಳು ಪುತ್ತೂರಿನಿಂದ ಬಂದವೇ ಎನ್ನುವಷ್ಟು ಪರಿಚಿತವಾಗಿದ್ದವು.

ಮೇ ತಿಂಗಳಲ್ಲಿ ಮೆಲ್ಬರ್ನಿನಿಂದ ಒಂದು ಇಮೇಲ್ ಬಂತು.

ಬರೆದವರು ಅರ್ನೆಸ್ಟೀನ್, ಎಂಬತ್ತೊಂದು ವರ್ಷದ ಕಪ್ಪು ಅಮೆರಿಕನ್ ಮಹಿಳೆ. ಹುಟ್ಟಿದ್ದು ಜಾರ್ಜಿಯಾದಲ್ಲಿ. ನರ್ಸ್ ಆಗಿದ್ದವರು, ಆಸ್ಟ್ರೇಲಿಯಾದವನನ್ನು ಮದುವೆಯಾಗಿ ಐವತ್ತು ವರ್ಷದಿಂದ ಮೆಲ್ಬರ್ನಿನ ನಾರ್ತ್‌ಕೋಟ್‌ನಲ್ಲಿ ಇದ್ದಾರೆ. ಗ್ರಂಥಾಲಯದ ವೆಬ್‌ಸೈಟಿನಲ್ಲಿ ಟಿಲ್ಸನ್ ಪತ್ರಗಳ ವಿವರ ನೋಡುತ್ತಿದ್ದಾಗ, ಅವನ್ನು ಓದುತ್ತಿರುವವರು ಸಿಡ್ನಿಯಲ್ಲಿದ್ದಾರೆ ಎಂದು ಗೊತ್ತಾಗಿ ನೇರವಾಗಿ ಬರೆದಿದ್ದರು. ಅವರ ಅಜ್ಜಿಯ ಅಜ್ಜಿ, ವೈನಿ ಎಂಬ ಹೆಸರಿನವಳು, ಆ ಊರಿನ ಹತ್ತಿರದ ಒಬ್ಬ ಜಮೀನುದಾರನ ಮನೆಯಲ್ಲಿ ಗುಲಾಮಳಾಗಿದ್ದವಳು. ಆ ಮುದುಕ ಸಾಯುವಾಗ ವೈನಿಯನ್ನು ಬಿಡುಗಡೆ ಮಾಡಿ ಅವಳಿಗೂ ಆಸ್ತಿಯಲ್ಲಿ ಪಾಲು ಬರೆದಿದ್ದ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದರು. ಅರ್ನೆಸ್ಟೀನರ ತಾಯಿ ಅದನ್ನು ನಂಬಿದ್ದಳು. ಅಕ್ಕ ಕೋರಾ ಜೀವನವಿಡೀ ನಕ್ಕಿದ್ದಳು. ಈಗ ಕೋರಾ ಜಾರ್ಜಿಯಾದಲ್ಲಿ ಹಾಸಿಗೆ ಹಿಡಿದಿದ್ದಾಳೆ. ವೈನಿಗೆ ಏನಾದರೂ ಸಿಕ್ಕಿತ್ತೇ, ಒಂದು ಸಾಲು ತಿಳಿಸಬಹುದೇ ಎಂದು ಕೇಳಿದ್ದರು.

ಸುಗುಣಾ ಹನ್ನೊಂದು ದಿನ ಹುಡುಕಿದರು. ಹನ್ನೆರಡನೇ ದಿನ ನಿವೇದಿತಾಳ ಕುರ್ಚಿಯ ಹಿಂದೆ ಬಂದು ನಿಂತಾಗ ಅವರ ಮುಖ ಹೊಳೆಯುತ್ತಿತ್ತು.

"ನೋಡು ಮಾರಾಯ್ತಿ, ಸಿಕ್ಕಿತು! ನಮ್ಮ ಊರಿನ ಕವರಿನ ಪಟ್ಟಿಯ ಹಾಗೇ ಉಂಟು!"

ಒಂದು ಮರಣದ ನಂತರದ ಪಾಲಿನ ಕಾಗದ. ಮೊದಲನೇ ಹಾಳೆ ಕಳೆದುಹೋಗಿತ್ತು. ಎರಡನೇ ಹಾಳೆ ಮಾತ್ರ. ತಲೆಬರಹ ಇಲ್ಲ. ಮೊದಲ ಪಾಲು, ಎರಡನೇ ಪಾಲು, ಮೂರನೇ ಪಾಲು. ಎರಡನೇ ಪಾಲಿನ ಕೆಳಗೆ ವೈನಿ, ಅವಳ ಮಗು ಹೆಟ್ಟಿ. ಮೂರನೆಯದರ ಕೆಳಗೆ ಡೋರ್ಕಸ್, ಐಸಾಕ್, ಪಾಲಿ ಎಂಬ ಸಣ್ಣ ಹುಡುಗಿ. ಎದುರಿಗೆ ಡಾಲರಿನ ಅಂಕಿಗಳು. ಜೊತೆಗಿದ್ದ ಪತ್ರದಲ್ಲಿ ಟಿಲ್ಸನ್ ಬರೆದಿದ್ದ: ಪಾಲು ಎಲ್ಲರ ಒಪ್ಪಿಗೆಯಿಂದ ನಡೆಯಿತು, ಚೀಟಿ ಎತ್ತಿದ್ದಾಯಿತು, ಯಾರ ತಕರಾರೂ ಇಲ್ಲ.

ಸುಗುಣಾ ಅದನ್ನು ತಾನು ಮುನ್ನೂರು ಸಲ ಓದಿದ್ದ ಹಾಗೆಯೇ ಓದಿದರು. ತಾಯಿ, ಮಗು, ಪಾಲು, ಪಾಲಿನ ಬೆಲೆ. ಮುದುಕ ಮಾತು ಉಳಿಸಿಕೊಂಡಿದ್ದ. ವೈನಿಯ ಕವರಿಗೆ ಎರಡನೇ ಪಾಲು ಬಂದಿತ್ತು.

ಅರ್ನೆಸ್ಟೀನರಿಗೆ ಉತ್ತರವನ್ನೂ ಅವರೇ ಬರೆದರು, ಯಾದವ ವಕೀಲರ ಆಫೀಸಿನ ಧಾಟಿಯಲ್ಲಿ. ತಮ್ಮ ಪತ್ರ ತಲುಪಿದೆ, ದಾಖಲೆ ಪರಿಶೀಲಿಸಲಾಗಿದೆ, ತಮ್ಮ ಪೂರ್ವಜರಾದ ವೈನಿ ಹಾಗೂ ಅವರ ಮಗಳು ಹೆಟ್ಟಿ ಅವರಿಗೆ ಸದರಿ ಆಸ್ತಿಯಲ್ಲಿ ಎರಡನೇ ಪಾಲು ಸಂದಿರುವುದು ಖಚಿತವಾಗಿದೆ. ಕಂಪನಿಯ ಲೆಟರ್‌ಹೆಡ್ ಮೇಲೆ. ಪಟ್ಟಿಯ ಚಿತ್ರವನ್ನು ಜೊತೆಗೆ ಕಳಿಸಲಿಲ್ಲ, ಗ್ರಂಥಾಲಯದ ಅನುಮತಿ ಇನ್ನೂ ಬಂದಿರಲಿಲ್ಲ. ಕೆಳಗೆ ಸಹಿ ನಿವೇದಿತಾಳದ್ದು. ಆ ದಿನ ಮಗಳನ್ನು ಶಾಲೆಯಿಂದ ಕರೆತರಲು ಅವಳಿಗೆ ತಡವಾಗುತ್ತಿತ್ತು. ಬ್ಯಾಗು ಹೆಗಲಿಗೇರಿಸಿಕೊಂಡೇ ಪತ್ರ ಓದಿದಳು. ಪಟ್ಟಿ ನೋಡಲಿಲ್ಲ.

ಮರುದಿನವೇ ಫೋನು ಬಂತು. ಅರ್ನೆಸ್ಟೀನ್ ಮಾತಾಡಲು ಶುರುಮಾಡಿ ನಿಲ್ಲಿಸಿದರು. ಆಮೇಲೆ, "ನಮ್ಮಮ್ಮ ಸುಳ್ಳು ಹೇಳಿರಲಿಲ್ಲ," ಎಂದರು. ಅದನ್ನೇ ಮೂರು ಸಲ ಹೇಳಿದರು. ಸುಗುಣಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣೊರೆಸಿಕೊಳ್ಳದೆ ಕೇಳಿಸಿಕೊಂಡರು. ಆ ವಾರವೆಲ್ಲ ಅವರು ಯಾರ ಡಬ್ಬಿಯಲ್ಲಿ ಏನಿದೆ ಎಂದು ಕೂಡ ನೋಡದೆ ತಮ್ಮ ಊಟವನ್ನು ಎಲ್ಲರಿಗೂ ಬಡಿಸಿದರು.

ಆರು ವಾರ ಕಳೆಯಿತು. ಜುಲೈ ಮೊದಲ ಬುಧವಾರ, ಹದಿನಾಲ್ಕನೇ ಪೆಟ್ಟಿಗೆ. ನಿವೇದಿತಾ ಮೀಟಿಂಗ್ ಮುಗಿಸಿ ಬಂದಾಗ ಸುಗುಣಾ ಕೈ ಕಟ್ಟಿಕೊಂಡು ತೆರೆಯ ಮುಂದೆ ಕೂತಿದ್ದರು. ಕೀಬೋರ್ಡನ್ನು ದೂರ ತಳ್ಳಿದ್ದರು.

"ಯಾಕೆ ಸುಗುಣಾ ಅವ್ರೇ, ಹುಷಾರಿಲ್ವಾ?"

"ಓದು," ಎಂದರು.

ಸತ್ತ ಮುದುಕನ ಎರಡನೇ ಅಳಿಯ ವಕೀಲನಿಗೆ ಬರೆದ ಪತ್ರ. ಪಾಲಾದ ಎಂಟು ತಿಂಗಳಿಗೆ ಬರೆದದ್ದು. ಅಕ್ಷರ ದುಂಡಗೆ, ಓದಲು ಸುಲಭವಾಗಿತ್ತು. ನಮ್ಮ ಪಾಲಿಗೆ ಬಂದ ವೈನಿ ಎಂಬ ಹೆಂಗಸು ತನ್ನ ಹುಡುಗ ಐಸಾಕ್ ಮೂರನೇ ಪಾಲಿಗೆ ಹೋದ ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಎರಡು ಸಲ ಹೊಳೆಯ ದಾರಿಯಲ್ಲಿ ನಡೆದುಹೋದವಳನ್ನು ಹಿಡಿದು ತರಬೇಕಾಯಿತು. ಇವಳು ಕೆಲಸಕ್ಕೆ ಬಾರದಂತಾಗುತ್ತಿದ್ದಾಳೆ. ಪಾಲನ್ನು ಮತ್ತೆ ತೆರೆದು ಬದಲಿ ಮಾಡಿಕೊಳ್ಳಲು ಬರುತ್ತದೆಯೇ?

ಅದರ ಕೆಳಗೆ ಟಿಲ್ಸನ್‌ನ ಉತ್ತರದ ಪ್ರತಿ. ಚೀಟಿ ಎತ್ತಿ ಸಹಿಯಾದ ಪಾಲನ್ನು ಮತ್ತೆ ತೆರೆಯಲು ಬರುವುದಿಲ್ಲ. ಇಂಥದ್ದು ಕಾಲ ಕಳೆದಂತೆ ತಾನೇ ಸರಿಹೋಗುತ್ತದೆ. ಮಾರುವ ಯೋಚನೆಯಿದ್ದರೆ ವಸಂತದವರೆಗೆ ಕಾಯುವುದು ಮೇಲು. ತಮ್ಮ ಶ್ರೀಮತಿಯವರಿಗೆ ನನ್ನ ಗೌರವಪೂರ್ವಕ ನಮಸ್ಕಾರಗಳು.

ನಿವೇದಿತಾ ಎರಡು ಸಲ ಓದಿದಳು. ಆಮೇಲೆ ಹಳೆಯ ಪಟ್ಟಿಯನ್ನು ತೆಗೆದಳು. ಪಾಲು ಪಡೆದವರು ಮೂವರು ಹೆಣ್ಣುಮಕ್ಕಳು ಮತ್ತು ಅವರ ಗಂಡಂದಿರು. ಅವರ ಹೆಸರುಗಳು ಕಳೆದುಹೋದ ಮೊದಲ ಹಾಳೆಯಲ್ಲಿ ಇದ್ದಿರಬೇಕು. ಈ ಹಾಳೆಯಲ್ಲಿದ್ದವರು ಪಾಲುದಾರರಲ್ಲ. ಪಾಲಾದವರು.

"ನಾನು ಪಾಲು ಸಿಕ್ಕಿದವರು ಅಂದುಕೊಂಡೆ," ಎಂದರು ಸುಗುಣಾ. "ದನ, ಪಾತ್ರೆ ಬರೆಯುವ ಜಾಗದಲ್ಲಿ ಮನುಷ್ಯರ ಹೆಸರು ಬರೆಯುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಐಸಾಕ್ ಡೋರ್ಕಸಳ ಕೆಳಗೆ ಇದ್ದ. ಅವಳ ಕವರು, ಅವಳ ಮಗ ಅಂದುಕೊಂಡೆ. ಆ ತಾಯಿಯ ಮಗನನ್ನು ನಾನೂ ಬೇರೆಯವಳಿಗೆ ಬರೆದುಕೊಟ್ಟೆ ನಿವೇದಿತಾ."

"ಸಹಿ ಹಾಕಿದ್ದು ನಾನು."

"ಬರೆದದ್ದು ನಾನು."

ವಿಷಯ ಮ್ಯಾನೇಜರ್ ಹರ್ಷವರ್ಧನ್ ತನಕ ಹೋಯಿತು. ಅವನು ಬೆಂಗಳೂರಿನವನು, ಕೆಟ್ಟವನಲ್ಲ. ಗ್ರಂಥಾಲಯದ ಕಾಂಟ್ರಾಕ್ಟ್ ನವೀಕರಣ ಎದುರಿಗಿತ್ತು.

"ಆಂಟಿ, ನೀವ್ ಯಾಕೆ ಇಷ್ಟ್ ಟೆನ್ಷನ್ ತಗೋತೀರಾ? ಒಂದ್ ಕರೆಕ್ಷನ್ ಮೇಲ್ ಹಾಕಿ. 'ಹೊಸ ದಾಖಲೆಗಳ ಬೆಳಕಿನಲ್ಲಿ' ಅಂತ ಶುರು ಮಾಡಿ. ಎರಡು ಪ್ಯಾರಾ, ಮುಗೀತು."

"ಮೇಲ್ ಹಾಕಿಯೇ ಇಷ್ಟಾದದ್ದಲ್ವಾ ಸಾರ್?"

"ಮತ್ತೇನ್ ಮಾಡ್ತೀರಾ?"

"ಹೋಗಿ ಹೇಳುವುದು. ಖುದ್ದು."

"ಮೆಲ್ಬರ್ನಿಗಾ? ಅದಕ್ಕೆ ಬಜೆಟ್ ಇಲ್ಲ ಆಂಟಿ."

"ಬಜೆಟ್ ಕೇಳಿದ್ದು ಯಾರು? ರಜೆ ಕೊಡಿ, ಸಾಕು."

ನಿವೇದಿತಾಗೆ ಆ ಶುಕ್ರವಾರ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸವಿತ್ತು. ಅದೇ ವಿಮಾನಕ್ಕೆ ಇಬ್ಬರೂ ಟಿಕೆಟ್ ಬುಕ್ ಮಾಡಿದರು. ಬೆಳಿಗ್ಗೆ ಅವಳು ಗಿರಾವೀನಿಗೆ ಕಾರು ತೆಗೆದುಕೊಂಡು ಹೋದಾಗ ಲತೇಶ್ ಗೇಟಿನ ಬಳಿ ಒಂದು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು.

"ಬಾಳೆಹಣ್ಣಿನ ಹಲ್ವ. ಬೆಳಗ್ಗೆ ಎದ್ದು ಮಾಡಿದ್ದು. ಆ ಅಮ್ಮನಿಗೆ ಕೊಡಿ."

"ನಿಮಗೆ ತಲೆ ಸಮ ಉಂಟಾ?" ಸುಗುಣಾ ಸೀಟಿನಲ್ಲಿ ಕೂತಲ್ಲಿಂದಲೇ ಗದರಿದರು. "ಇಂಥ ಸುದ್ದಿ ಹೇಳಲಿಕ್ಕೆ ಹೋಗುವಾಗ ಹಲ್ವ ತೆಗೆದುಕೊಂಡು ಹೋಗುತ್ತಾರಾ?"

"ಬರಿಗೈಯಲ್ಲಿ ಹೋಗುವುದು ಹೇಗೆ ಅಂತ..."

"ಬರಿಗೈಯಲ್ಲೇ ಹೋಗಬೇಕು."

ಬಾಗಿಲಲ್ಲಿ ನಿಂತಿದ್ದ ದೀಕ್ಷಿತಾ, "ಅಮ್ಮಾ, ಇಟ್ಸ್ ನಾಟ್ ಯುವರ್ ಫಾಲ್ಟ್, ಓಕೆ?" ಎಂದಳು. ಸುಗುಣಾ ಮಗಳತ್ತ ತಿರುಗಿ ನೋಡಿದರು. ಕಾರು ಮುಂದೆ ಹೋದಮೇಲೆ, "ಇವಳಿಗೆ ಇಪ್ಪತ್ತು ತುಂಬಿತು. ಒಂದು ದಿನ ಬಿಟ್ಟು ಇದ್ದವಳಲ್ಲ ನಾನು," ಎಂದರು.

ಬ್ಯಾಂಕಿನ ಕೆಲಸ ಮುಗಿಯುವ ತನಕ ಸುಗುಣಾ ಕೆಳಗೆ ನೀರಿನ ದಂಡೆಯ ಬೆಂಚಿನ ಮೇಲೆ ಕೂತಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಇಬ್ಬರೂ ಎಂಬತ್ತಾರನೇ ನಂಬರಿನ ಟ್ರಾಮ್ ಹತ್ತಿ ನಾರ್ತ್‌ಕೋಟ್‌ನಲ್ಲಿ ಇಳಿದರು.

ಅರ್ನೆಸ್ಟೀನ್ ಎತ್ತರದ ಹೆಂಗಸು. ಬೆನ್ನು ಇನ್ನೂ ಬಾಗಿರಲಿಲ್ಲ. "ಮಿಸ್ ಸುಗುಣಾ!" ಎಂದು ಬಾಗಿಲಲ್ಲೇ ತಬ್ಬಿಕೊಂಡರು. ತಬ್ಬಿಸಿಕೊಂಡ ಸುಗುಣಾ ಅವರ ಕೈಗಳು ಎರಡೂ ಬದಿಯಲ್ಲಿ ಇಳಿಬಿದ್ದೇ ಇದ್ದುದನ್ನು ನಿವೇದಿತಾ ನೋಡಿದಳು. ಒಳಗೆ ಮೇಜಿನ ಮೇಲೆ ಚಹಾದ ಕಪ್ಪುಗಳು, ಆಗಷ್ಟೇ ಒಲೆಯಿಂದ ತೆಗೆದ ಮೆಕ್ಕೆಜೋಳದ ಬ್ರೆಡ್ಡು. ಗೋಡೆಯ ಮೇಲೆ, ತಾಯಿತಂದೆಯರ ಫೋಟೊದ ಪಕ್ಕದಲ್ಲಿ, ಕಂಪನಿಯ ಲೆಟರ್‌ಹೆಡ್ ಪತ್ರ ಚೌಕಟ್ಟಿನಲ್ಲಿತ್ತು. ಗಾಜಿನೊಳಗೆ ನಿವೇದಿತಾಳ ಸಹಿ ಎದ್ದು ಕಾಣುತ್ತಿತ್ತು.

"ಕೂತುಕೊಳ್ಳಿ, ಮೊದಲು ತಿನ್ನಿ."

ಸುಗುಣಾ ಕೂರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಇಂಗ್ಲಿಷಿನಲ್ಲಿ ನಿಂತೇ ಹೇಳಿದರು: "ನಾನು ನಿಮಗೆ ಬರೆದದ್ದು ತಪ್ಪು. ವೈನಿಗೆ ಪಾಲು ಸಿಗಲಿಲ್ಲ."

"ಯಾವ ಭಾಗ ತಪ್ಪು?"

"ಎಲ್ಲ. ಎರಡನೇ ಪಾಲಿನಲ್ಲಿ ವೈನಿಯನ್ನೇ ಕೊಟ್ಟರು."

ಅರ್ನೆಸ್ಟೀನ್ ಕೆಟಲಿನ ಹಿಡಿಕೆ ಬಿಟ್ಟರು. ಪಟ್ಟಿ ಇದ್ದರೆ ತೋರಿಸಿ ಎಂದರು. ಅಷ್ಟರಲ್ಲಿ ಗ್ರಂಥಾಲಯದ ಅನುಮತಿ ಬಂದಿತ್ತು, ನಿವೇದಿತಾ ಪ್ರಿಂಟ್ ತೆಗೆದುಕೊಟ್ಟಳು. ಅವರು ನೋಡಿದ್ದು ಅರ್ಧ ನಿಮಿಷವೂ ಇಲ್ಲ.

"ಇದನ್ನು ನೋಡಿಯೂ ನಿಮಗೆ ಗೊತ್ತಾಗಲಿಲ್ಲವೇ? ಒಬ್ಬರಿಗೂ ಸರ್‌ನೇಮ್ ಇಲ್ಲ. ಮಕ್ಕಳಿಗೆ ಅಪ್ಪನ ಹೆಸರಿಲ್ಲ. ನಮ್ಮ ಜನರಲ್ಲಿ ಹತ್ತು ವರ್ಷದ ಮಗುವೂ ಹೇಳುತ್ತದೆ ಇದು ಏನೆಂದು."

"ನನಗೂ ಸರ್‌ನೇಮ್ ಇಲ್ಲ," ಎಂದರು ಸುಗುಣಾ. "ನನ್ನ ಅಮ್ಮನಿಗೂ ಇರಲಿಲ್ಲ. ನಮ್ಮ ಊರಿನಲ್ಲಿ ಆಸ್ತಿ ಪಾಲಾಗುವಾಗ ತಾಯಿಯ ಹೆಸರು, ಅವಳ ಮಕ್ಕಳ ಹೆಸರು ಹೀಗೆಯೇ ಬರೆಯುವುದು. ಅದು ಅವರಿಗೆ ಕೊಡುವಾಗ. ನಾನು ಹಾಗೆ ಓದಿದೆ."

ಅರ್ನೆಸ್ಟೀನ್ ಅವರನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ ಬೇರೇನಿತ್ತೋ ನಿವೇದಿತಾಗೆ ತಿಳಿಯಲಿಲ್ಲ. ಆಮೇಲೆ ಕಪಾಟಿನಿಂದ ಒಂದು ಮಡಚಿದ ಹಾಳೆ ತಂದು ಮೇಜಿನ ಮೇಲೆ ಬಿಡಿಸಿಟ್ಟರು. ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ಹಂಚುವ ಹಾಳೆ. ಕೋರಾಳ ಫೋಟೊ. ಕೆಳಗೆ ಮನೆತನದ ಪರಿಚಯ: ತನ್ನ ಸ್ವಂತ ಆಸ್ತಿಯ ಒಡತಿಯಾಗಿದ್ದ ವೈನಿಯ ವಂಶದವಳು.

"ನನ್ನಕ್ಕ ಹೋಗಿ ಹತ್ತೊಂಬತ್ತು ದಿನ. ಕೊನೆಯ ವಾರ ಫೋನಿನಲ್ಲಿ ನಿಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡಳು. ಎಂಬತ್ತಾರು ವರ್ಷ ನಕ್ಕವಳು. 'ಅಮ್ಮನ ಹತ್ತಿರ ಕ್ಷಮೆ ಕೇಳುವುದಿದೆ, ಹೋಗಿ ಕೇಳುತ್ತೇನೆ' ಅಂದಳು." ಅರ್ನೆಸ್ಟೀನ್ ಹಾಳೆಯನ್ನು ಮತ್ತೆ ಮಡಚಿದರು. "ಅವಳಿಗೆ ಈಗ ಯಾರು ಹೋಗಿ ಹೇಳುತ್ತೀರಿ? ನೀವಾ?"

ಆಮೇಲೆ ಅವರೇ ಕುರ್ಚಿ ಎಳೆದು ಕೂತು, "ಇನ್ನೇನೋ ಇದೆ. ಇಷ್ಟನ್ನೇ ಹೇಳಲು ಇಷ್ಟು ದೂರ ಬಂದಿಲ್ಲ ನೀವು. ಓದಿ," ಎಂದರು.

ಸುಗುಣಾ ಚೀಲದಿಂದ ಅಳಿಯನ ಪತ್ರ ತೆಗೆದರು. ಕೋರ್ಟಿನಲ್ಲಿ ಓದುವ ಹಾಗೆ, ಎಲ್ಲಿಯೂ ದನಿ ಏರಿಳಿಸದೆ ಓದಿದರು. ಹೊಳೆಯ ದಾರಿ ಎಂಬಲ್ಲಿಗೆ ಬಂದಾಗ ಅರ್ನೆಸ್ಟೀನ್ ಕೈ ಎತ್ತಿದರು.

"ಹುಡುಗನ ಹೆಸರು ಮತ್ತೊಮ್ಮೆ."

"ಐಸಾಕ್."

"ನಾವು ಹೆಟ್ಟಿಯ ಸಂತಾನ. ಹೆಟ್ಟಿಗೆ ಒಬ್ಬ ಅಣ್ಣನಿದ್ದನೆಂದು ನಮಗೆ ಯಾರೂ ಹೇಳಲಿಲ್ಲ." ಅವರು ಆ ಹೆಸರನ್ನು ಒಮ್ಮೆ ತಾವೇ ಹೇಳಿ ನೋಡಿದರು. "ಪಾಲಿನ ಕಥೆ ಹೇಳಿಕೊಂಡು ಬಂದರು. ಇವನನ್ನು ಬಿಟ್ಟುಬಿಟ್ಟರು. ಹೇಳಲು ಆಗಲಿಲ್ಲವೋ ಏನೋ."

ಟಿಲ್ಸನ್‌ನ ಉತ್ತರವನ್ನೂ ಓದಿಸಿಕೊಂಡರು. ಗೌರವಪೂರ್ವಕ ನಮಸ್ಕಾರದವರೆಗೂ. ಆಮೇಲೆ ಎದ್ದು ಗೋಡೆಯಿಂದ ಚೌಕಟ್ಟನ್ನು ಇಳಿಸಿ, ಹಿಂಬದಿಯ ಮೊಳೆ ಬಿಡಿಸಿ, ಪತ್ರವನ್ನು ಹೊರತೆಗೆದು ಸುಗುಣಾ ಅವರ ಕೈಗಿಟ್ಟರು.

"ಈಗ ನೀವು ಹೋಗಬೇಕು. ನಾನು ಒಬ್ಬಳೇ ಇರಬೇಕು." ಬಾಗಿಲವರೆಗೆ ಬಂದವರು ಅಲ್ಲಿ ನಿಂತು ಹೇಳಿದರು: "ಆ ಹುಡುಗನನ್ನು ಹುಡುಕಿ. ಎಲ್ಲಿಗೆ ಹೋದ, ಏನಾದ. ಒಳ್ಳೆಯ ಸುದ್ದಿಯೇ ಆಗಬೇಕೆಂದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನಿಮ್ಮ ಕಡೆಯಿಂದ ಇನ್ನೊಂದು ಊಹೆ ನನಗೆ ಬೇಡ."

ಹಿಂದಿರುಗುವ ಟ್ರಾಮಿನಲ್ಲಿ ಸುಗುಣಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ಆ ವಕೀಲನ ಉತ್ತರ ಶುದ್ಧ ಪ್ರತಿ ಮಾಡಿದವನು ಒಬ್ಬ ಇರುತ್ತಾನಲ್ವಾ? ಗುಮಾಸ್ತ. ಅಕ್ಷರ ಬೇರೆ ಉಂಟು, ನೋಡಿದ್ದೇನೆ. ಚಂದ ಬರೆದಿದ್ದಾನೆ. ಒಂದು ಚಿತ್ತು ಇಲ್ಲ, ಒಂದು ಕಲೆ ಇಲ್ಲ. ಅವನು ಬರೆದು, ಒಣಗಿಸಿ, ಊಟಕ್ಕೆ ಹೋಗಿರಬೇಕು. ನಾನೂ ಹಾಗೆಯೇ ಹೋಗುತ್ತಿದ್ದೆ. 'ಪಾಲನ್ನು ಮತ್ತೆ ತೆರೆಯಲು ಬರುವುದಿಲ್ಲ', ಈ ಸಾಲು ಎಷ್ಟು ಸಲ ಟೈಪ್ ಮಾಡಿದ್ದೇನೆ ನಾನು. ಗದ್ದೆಗೆ, ಬಾವಿಗೆ. ಕೈಗೆ ಬಾಯಿಪಾಠ."

"ಅದೂ ಇದೂ ಒಂದೇ ಅಲ್ಲ."

"ಒಂದೇ ಅಂತ ನಾನು ಹೇಳಿದೆನಾ?" ಎಂದರು.

ಉಳಿದದ್ದು ಎಂಟು ಪೆಟ್ಟಿಗೆ. ಆಗಸ್ಟಿನಿಂದ ನವೆಂಬರಿನವರೆಗೆ ಸುಗುಣಾ ಅವನ್ನು ಒಂದು ಹಾಳೆ ಬಿಡದೆ ಓದಿದರು. ತನಗೆ ಹಂಚಿಕೆಯಾಗದ ಪೆಟ್ಟಿಗೆಗಳನ್ನೂ ಊಟದ ಬಿಡುವಿನಲ್ಲಿ ಓದಿದರು. ಡಬ್ಬಿ ಬಿಚ್ಚುವುದನ್ನು ಬಿಟ್ಟುಬಿಟ್ಟರು. ನಿವೇದಿತಾ ಅವರ ಮೇಜಿನ ಮೇಲೆ ಹಣ್ಣು ತಂದಿಟ್ಟರೆ ಸಂಜೆ ಅದು ಅಲ್ಲಿಯೇ ಇರುತ್ತಿತ್ತು. ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಅರ್ನೆಸ್ಟೀನರಿಗೆ ಒಂದು ಸಾಲು ಹೋಗುತ್ತಿತ್ತು: ಈ ವಾರ ಇಷ್ಟು ಪತ್ರ ಓದಿದೆ, ಐಸಾಕನ ಹೆಸರಿಲ್ಲ. ಯಾವ ವಾರವೂ ಉತ್ತರ ಬರಲಿಲ್ಲ.

ವರ್ಷ ಕಳೆದಂತೆ ಟಿಲ್ಸನ್‌ನ ಪತ್ರಗಳಲ್ಲಿ ಗುಲಾಮರ ಹೆಸರುಗಳೇ ಕಡಿಮೆಯಾಗುತ್ತಾ ಹೋದವು. ಇಷ್ಟು ಕೈಗಳು, ಇಷ್ಟು ತಲೆಗಳು ಎಂದಷ್ಟೇ. ಇಪ್ಪತ್ತೊಂದನೇ ಪೆಟ್ಟಿಗೆಯಲ್ಲಿ ಮೂರನೇ ಅಳಿಯನ ಒಂದು ಪತ್ರ ಸಿಕ್ಕಿತು. ಪಾಲಾಗಿ ನಾಲ್ಕು ವರ್ಷದ ನಂತರದ್ದು. ಪಶ್ಚಿಮಕ್ಕೆ ವಲಸೆ ಹೋಗುವ ದಾರಿಯಲ್ಲಿ, ನದಿಯ ದಡದ ಒಂದು ಊರಿನಿಂದ ಬರೆದಿದ್ದ. ಖರ್ಚಿಗೆ ಹಣ ಸಾಲದೆ ಒಬ್ಬ ಹೆಂಗಸನ್ನೂ ಇಬ್ಬರು ಹುಡುಗರನ್ನೂ ಮಾರಿದೆ, ಅದಕ್ಕೆ ಬೇಕಾದ ಕಾಗದ ಕಳಿಸಿಕೊಡಿ ಎಂದಿದ್ದ. ಹೆಸರಿರಲಿಲ್ಲ. ಸುಗುಣಾ ಹಿಂಬದಿ ನೋಡಿದರು. ಅಲ್ಲಿಯೂ ಇರಲಿಲ್ಲ.

ಅರ್ನೆಸ್ಟೀನರಿಗೆ ಬರೆಯುವ ಕರಡನ್ನು ನಿವೇದಿತಾ ಈ ಸಲ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ಓದಿದಳು. ಮೂಲ ಪತ್ರವನ್ನೂ ಓದಿದಳು. ಓದಿ, "'ಬಹುಶಃ ಇವರಲ್ಲಿ ಒಬ್ಬ ಐಸಾಕ್ ಇರಬಹುದು' ಅಂತ ಒಂದು ಮಾತು ಸೇರಿಸೋಣ್ವಾ? ಅವರಿಗೆ ಏನೋ ಒಂದು ಸಿಕ್ಕ ಹಾಗಾಗುತ್ತೆ," ಎಂದಳು.

"ಬೇಡ."

"ಅವ್ನು ಹೋಗಿದ್ದು ಇದೇ ಅಳಿಯನ ಪಾಲಿಗೆ ಸುಗುಣಾ ಅವ್ರೇ. ನಾಲ್ಕು ವರ್ಷಕ್ಕೆ ಇನ್ನೂ ಹುಡುಗನೇ ಆಗಿರ್ತಾನೆ."

"ಅವರು ಊಹೆ ಬೇಡ ಅಂದಿದ್ದಾರೆ. ಇಲ್ಲಿ ಇರುವುದು ಇಬ್ಬರು ಹುಡುಗರು. ಇಬ್ಬರು ಹುಡುಗರು ಅಂತಲೇ ಬರೆಯುವುದು."

ಹಾಗೆಯೇ ಬರೆದರು. ಪತ್ರದ ಚಿತ್ರವನ್ನೂ ಇಟ್ಟು ಕಳಿಸಿದರು. ಇಪ್ಪತ್ತೆರಡನೇ ಪೆಟ್ಟಿಗೆಯಲ್ಲಿ ಬರೀ ರಸೀದಿಗಳಿದ್ದವು. ನವೆಂಬರ್ ಕೊನೆಗೆ ಕೆಲಸ ಮುಗಿಯಿತು. ಸಾಫ್ಟ್‌ವೇರ್ ಅಷ್ಟರಲ್ಲಿ ಚೆನ್ನಾಗಿ ಓದಲು ಕಲಿತಿತ್ತು. ಕಂಪನಿ ನಾಲ್ವರನ್ನು ಉಳಿಸಿಕೊಂಡಿತು. ಸುಗುಣಾ ಅವರ ಹೆಸರು ಮೊದಲನೆಯದಾಗಿತ್ತು. ಅವರು ಒಪ್ಪಲಿಲ್ಲ. ಪ್ಯಾರಾಮಟ್ಟಾದ ಒಬ್ಬ ಲಾಯರು ತನ್ನ ಆಫೀಸಿಗೆ ಟೈಪಿಂಗಿಗೆ ಕರೆದಾಗಲೂ ಹೋಗಲಿಲ್ಲ. ನಿವೇದಿತಾ ಮನೆಗೆ ಹೋಗಿ ಒತ್ತಾಯ ಮಾಡಿದಳು.

"ಬರುವುದಿಲ್ಲ ಮಾರಾಯ್ತಿ," ಎಂದರು. "ಪಟ್ಟಿ ಅಂತ ಕಂಡರೆ ಮೊದಲು ಮೇಲೆ ನೋಡುತ್ತೇನೆ, ಆಮೇಲೆ ಕೆಳಗೆ ನೋಡುತ್ತೇನೆ, ಯಾರು ಯಾರಿಗೆ ಅಂತ. ಅಂಗಡಿಯ ಸಾಮಾನು ಚೀಟಿಯನ್ನೂ ಹಾಗೆಯೇ ನೋಡುತ್ತೇನೆ. ಇದರಲ್ಲಿ ಟೈಪ್ ಮಾಡುವುದು ಹೇಗೆ?"

ಅರ್ನೆಸ್ಟೀನ್ ಆ ಕೊನೆಯ ಪತ್ರಕ್ಕೂ ಉತ್ತರ ಬರೆಯಲಿಲ್ಲ.

ಸುಗುಣಾ ಈಗ ಪೆಂಡಲ್ ಹಿಲ್‌ನ ಒಂದು ಚೈಲ್ಡ್‌ಕೇರ್‌ನಲ್ಲಿ ಅಡುಗೆ ಮಾಡುತ್ತಾರೆ. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನ ಎರಡರವರೆಗೆ, ನಲವತ್ತು ಮಕ್ಕಳಿಗೆ.